ನೇರ ಪ್ರಸಾರದಲ್ಲಿ ದೂರದ ಅತಿಥಿಗಳ ಧ್ವನಿ ನಿರ್ವಹಣೆ

ಸ್ಟುಡಿಯೋಗೆ ಬಾರದೆ ಮನೆಯಿಂದಲೋ ಕಚೇರಿಯಿಂದಲೋ ಇಂಟರ್‌ನೆಟ್ ಮೂಲಕ ಕಾರ್ಯಕ್ರಮ ಸೇರುವ ವ್ಯಕ್ತಿಯ ಮಾತನ್ನು ನೇರ ವಿಡಿಯೋ ಪ್ರಸಾರದೊಳಗೆ ತರುವುದು ಮತ್ತು ಕಾರ್ಯಕ್ರಮದ ಧ್ವನಿಯನ್ನು ಅದೇ ಹೊತ್ತಿಗೆ ಆ ವ್ಯಕ್ತಿಯ ಕಿವಿಗೆ ಮುಟ್ಟಿಸುವುದು ಈ ಕೆಲಸದ ಎರಡು ಭಾಗಗಳು. ಕವಿಗೋಷ್ಠಿ, ಪುಸ್ತಕ ಬಿಡುಗಡೆ, ವೈದ್ಯರ ಸಂದರ್ಶನ, ಟಿವಿಯ ಸುದ್ದಿ ಚರ್ಚೆ, ಯೂಟ್ಯೂಬ್ ಮಾತುಕತೆ, ಯಾವುದೇ ಇರಲಿ, ಮೂಲ ಏರ್ಪಾಡು ಒಂದೇ. ಅತಿಥಿಯಿಂದ ಪ್ರಸಾರ ಮಾಡುವವರ ಕಡೆಗೆ ಒಂದು ಹಾದಿ, ಅಲ್ಲಿಂದ ಅತಿಥಿಯ ಕಡೆಗೆ ಇನ್ನೊಂದು. ಮೊದಲನೆಯದು ವೀಕ್ಷಕರಿಗೆ ಕೇಳಿಸುವುದರಿಂದ ಎಲ್ಲರೂ ಅದರ ಮೇಲೆ ನಿಗಾ ಇಡುತ್ತಾರೆ. ಎರಡನೆಯದು ಅತಿಥಿಗಲ್ಲದೆ ಬೇರೆ ಯಾರಿಗೂ ಕೇಳಿಸದು. ಹಾಗಾಗಿ ಅದನ್ನು ಪರೀಕ್ಷಿಸುವವರು ಕಡಿಮೆ. ಆದರೆ ಅತಿಥಿಯ ಮಾತು ತಡವರಿಸುವುದು, ಪ್ರತಿಧ್ವನಿ ಏಳುವುದು, ಇಬ್ಬರು ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲುವುದು, ಇವುಗಳ ಬೇರು ಹೆಚ್ಚಾಗಿ ಈ ಎರಡನೆಯ ಹಾದಿಯಲ್ಲೇ ಇರುತ್ತದೆ. ಅತಿಥಿಗೆ ಏನು ಕೇಳಿಸುತ್ತಿದೆ ಎಂದು ಮೊದಲು ವಿಚಾರಿಸುವ ತಂಡದ ಪ್ರಸಾರ ಸಾಮಾನ್ಯ ಸಲಕರಣೆಯಲ್ಲೂ ಚೆನ್ನಾಗಿ ನಡೆಯುತ್ತದೆ.

ಹಿನ್ನೆಲೆ

ಸಮಸ್ಯೆ ಇಂಟರ್‌ನೆಟ್‌ಗಿಂತ ಹಳೆಯದು. ರೇಡಿಯೋ ಕೇಂದ್ರಗಳು ಕೇಳುಗರ ದೂರವಾಣಿ ಕರೆಗಳನ್ನು ಪ್ರಸಾರ ಮಾಡಲು ಹೊರಟಾಗಲೇ ಅದು ಎದುರಾಯಿತು. ಮನೆಯ ದೂರವಾಣಿಗೆ ಬರುವುದು ಎರಡೇ ಎಳೆ ತಂತಿ. ಹೋಗುವ ಮಾತೂ ಬರುವ ಮಾತೂ ಅದರಲ್ಲೇ ಬೆರೆತು ಹರಿಯುತ್ತವೆ. ಅವನ್ನು ಬೇರ್ಪಡಿಸಲು ಹೈಬ್ರಿಡ್ ಎಂಬ ಸಲಕರಣೆ ಬಳಕೆಗೆ ಬಂತು. ಬೇರ್ಪಡಿಕೆ ಪೂರ್ತಿಯಾಗುತ್ತಿರಲಿಲ್ಲ. ನಿರೂಪಕರ ಧ್ವನಿಯೇ ಒಂದಿಷ್ಟು ಸೋರಿ ಹಿಂದಕ್ಕೆ ಬಂದು ಅವರ ಮೈಕಿನ ಧ್ವನಿಯೊಂದಿಗೆ ಸೇರಿ ಅದನ್ನು ಟೊಳ್ಳಾಗಿಸುತ್ತಿತ್ತು. ದೂರವಾಣಿಯ ಧ್ವನಿವ್ಯಾಪ್ತಿಯೂ ಸುಮಾರು 300ರಿಂದ 3400 ಹರ್ಟ್ಸ್‌ಗೆ ಸೀಮಿತ. ಆಕಾಶವಾಣಿ ಮತ್ತು ದೂರದರ್ಶನ ಚಂದನದ ಫೋನ್-ಇನ್ ಕಾರ್ಯಕ್ರಮಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ "ನಿಮ್ಮ ಟಿವಿ ವಾಲ್ಯೂಮ್ ಕಮ್ಮಿ ಮಾಡ್ಕೊಂಡು ಮಾತಾಡಿ" ಎಂಬ ನಿರೂಪಕರ ಮಾತು ಚಿರಪರಿಚಿತ. ಇಂದಿನ ಲೈವ್‌ನಲ್ಲೂ ಅದನ್ನೇ ಹೇಳಬೇಕಾಗುತ್ತದೆ, ಕಾರಣವೂ ಅದೇ: ಕಾರ್ಯಕ್ರಮದ ಧ್ವನಿ ಟಿವಿಯಿಂದ ಕರೆಗೆ ಸೇರಿ ಹಿಂದಕ್ಕೆ ಮರಳುತ್ತದೆ.

ಉಪಗ್ರಹ ದೂರವಾಣಿ ಬಂದಾಗ ವಿಳಂಬ ಸೇರಿಕೊಂಡಿತು. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ತಡವಾಗಿ ಮರಳುವ ಪ್ರತಿಧ್ವನಿ ಅಸಹನೀಯ. ಅದನ್ನು ಅಳಿಸುವ ಹೊಂದಾಣಿಕೆಯ ಫಿಲ್ಟರ್ ರೂಪುಗೊಂಡದ್ದು 1960ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಮನ್‌ಮೋಹನ್ ಸೋಂಧಿ 1967ರಲ್ಲಿ ಈ ಬಗ್ಗೆ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಅಡಿಗಲ್ಲುಗಳಲ್ಲಿ ಒಂದು. ಇವತ್ತು ಪ್ರತಿ ಮೊಬೈಲಿನಲ್ಲೂ ಪ್ರತಿ ವಿಡಿಯೋ ಕರೆಯಲ್ಲೂ ದುಡಿಯುತ್ತಿರುವ ಪ್ರತಿಧ್ವನಿ ನಿವಾರಣೆ ಅದರ ಸಂತತಿ.

ಅನಂತರ ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಸಂಪರ್ಕಗಳೂ, ಧ್ವನಿಯನ್ನು ಕುಗ್ಗಿಸಿ ಕಳಿಸುವ 1988ರ ಜಿ.722 ಕೊಡೆಕ್ಕೂ ಬಂದು ಧ್ವನಿವ್ಯಾಪ್ತಿ 7000 ಹರ್ಟ್ಸ್‌ವರೆಗೆ ಹಿಗ್ಗಿತು. 2003ರಲ್ಲಿ ಸ್ಕೈಪ್ ಬಂತು. ಟಿವಿ ಕೇಂದ್ರಗಳಿಗೆಂದೇ ಸ್ಕೈಪ್ ಟಿಎಕ್ಸ್ ಎಂಬ ರೂಪವನ್ನು 2014ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಸ್ಕೈಪ್ ಸೇವೆಯೇ 2025ರ ಮೇ ತಿಂಗಳಲ್ಲಿ ಮುಚ್ಚಿತು. ಹೆಚ್ಚು ಬಾಳಿದ ಬದಲಾವಣೆ ಎಂದರೆ 2011ರಲ್ಲಿ ಗೂಗಲ್ ಮುಕ್ತವಾಗಿ ಕೊಟ್ಟ, ಬ್ರೌಸರಿನಲ್ಲೇ ಕರೆ ಮಾಡಲು ಬರುವ ವೆಬ್‌ಆರ್‌ಟಿಸಿ ಮತ್ತು 2012ರಲ್ಲಿ ಮಾನಕವಾದ ಓಪಸ್ ಕೊಡೆಕ್. ಸೆಕೆಂಡಿಗೆ 6 ಕಿಲೋಬಿಟ್‌ನಿಂದ 510 ಕಿಲೋಬಿಟ್‌ವರೆಗೆ ಓಪಸ್ ಕೆಲಸ ಮಾಡುತ್ತದೆ. ಸಾಮಾನ್ಯ ಬಳಕೆಯಲ್ಲಿ ಧ್ವನಿಯನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕಳಿಸುತ್ತದೆ. ದಾರಿಯಲ್ಲಿ ತುಣುಕು ಕಳೆದುಹೋದರೆ ಅಕ್ಕಪಕ್ಕದ ಧ್ವನಿಯಿಂದ ಊಹಿಸಿ ತೇಪೆ ಹಾಕುತ್ತದೆ. ಇವೆರಡರಿಂದಾಗಿ ಒಂದು ಕೊಂಡಿ ಒತ್ತಿದರೆ ಸಾಕು, ಅತಿಥಿ ಬ್ರೌಸರಿನಿಂದಲೇ ಪ್ರಸಾರಕ್ಕೆ ಬರುವಂತಾಯಿತು. 2020ರ ಲಾಕ್‌ಡೌನ್ ಈ ತಂತ್ರವನ್ನು ಸುದ್ದಿಮನೆಗಳಿಂದ ಹೊರಗೆ ತಂದಿತು. ಸಂಗೀತ ಸಭೆಗಳು, ಸಾಹಿತ್ಯ ಬಳಗಗಳು, ಅಮೆರಿಕ ಮತ್ತು ಕೊಲ್ಲಿ ದೇಶಗಳ ಕನ್ನಡ ಕೂಟಗಳು, ಯಾವತ್ತೂ ಮಿಕ್ಸರ್ ಮುಟ್ಟದವರು ಕೂಡ, ಧಾರವಾಡದ ಕವಿಯನ್ನೂ ನ್ಯೂಜೆರ್ಸಿಯ ನಿರೂಪಕರನ್ನೂ ಒಂದೇ ಪರದೆಗೆ ತರುವ ಹೊಣೆ ಹೊತ್ತರು.

ಅತಿಥಿಗೆ ಮರಳುವ ಧ್ವನಿ

ಈ ವಿಷಯದ ಹೃದಯ ಇಲ್ಲಿದೆ. ಪ್ರತಿ ಅತಿಥಿಗೂ ಕಾರ್ಯಕ್ರಮದ ಎಲ್ಲ ಧ್ವನಿಯೂ ಹೋಗಬೇಕು, ಅವರ ಸ್ವಂತ ಧ್ವನಿಯೊಂದನ್ನು ಬಿಟ್ಟು. ಇದಕ್ಕೆ ಮಿಕ್ಸ್-ಮೈನಸ್ ಎಂದು ಹೆಸರು. ಬ್ರಿಟನ್ನಿನ ಪ್ರಸಾರಕರಲ್ಲಿ ಕ್ಲೀನ್ ಫೀಡ್ ಎಂಬುದೂ ರೂಢಿಯಲ್ಲಿದೆ. ಸ್ವಂತ ಧ್ವನಿ ತಡವಾಗಿ ಕಿವಿಗೆ ಮರಳಿದರೆ ಮನುಷ್ಯ ಮಾತಾಡಲಾರ. ಅಮೆರಿಕದ ಬರ್ನಾರ್ಡ್ ಲೀ 1950ರಲ್ಲೇ ಇದನ್ನು ವರದಿ ಮಾಡಿದ್ದ. ಸುಮಾರು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ತನ್ನ ಮಾತು ತನಗೇ ಕೇಳಿಸಿದಾಗ ನಿರರ್ಗಳವಾಗಿ ಮಾತಾಡುವವರೂ ಎಳೆದು, ತೊದಲಿ, ಉಚ್ಚಾರ ತಪ್ಪುತ್ತಾರೆ. ಇಂಟರ್‌ನೆಟ್ ಕರೆಯ ಹೋಗಿಬರುವ ವಿಳಂಬವೂ ಹೆಚ್ಚುಕಡಿಮೆ ಇದೇ ಅಳತೆಯದು. ವೇದಿಕೆಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ ವಿದ್ವಾಂಸರು ಲೈವ್‌ನಲ್ಲಿ ವಾಕ್ಯ ವಾಕ್ಯಕ್ಕೂ ನಿಂತರೆ ಅವರಿಗೆ ಕ್ಯಾಮೆರಾ ಭಯ ಎಂದುಕೊಳ್ಳುವ ಮೊದಲು ಅವರ ಇಯರ್‌ಫೋನಿನಲ್ಲಿ ಏನು ಬರುತ್ತಿದೆ ಎಂದು ನೋಡಬೇಕು.

ಅತಿಥಿಗಳು ಎಷ್ಟು ಮಂದಿಯೋ ಅಷ್ಟು ಬೇರೆ ಬೇರೆ ಮಿಶ್ರಣಗಳು ಬೇಕು. ಮೂವರಿದ್ದರೆ ಮೊದಲನೆಯವರಿಗೆ ನಿರೂಪಕರು, ಎರಡನೆಯವರು, ಮೂರನೆಯವರು ಮತ್ತು ವಿಡಿಯೋ ತುಣುಕಿನ ಧ್ವನಿ; ಎರಡನೆಯವರಿಗೆ ಇನ್ನೊಂದು ಬಗೆ; ಹೀಗೆ. ಮಿಕ್ಸರ್ ಯಂತ್ರದಲ್ಲಿ ಇದನ್ನು ಆಕ್ಸ್ ಎಂಬ ಪಕ್ಕದ ಹಾದಿಗಳ ಮೂಲಕ ಮಾಡುತ್ತಾರೆ: ಒಬ್ಬೊಬ್ಬ ಅತಿಥಿಗೂ ಒಂದು ಆಕ್ಸ್, ಅದರಲ್ಲಿ ಅವರ ಗುಂಡಿಯೊಂದು ಮಾತ್ರ ಸೊನ್ನೆಯಲ್ಲಿ. ಆಕ್ಸ್, ಪ್ರಸಾರದ ಮಟ್ಟ ಏರಿಳಿಸುವ ಫೇಡರಿಗಿಂತ ಮೊದಲಿನ ಧ್ವನಿ ತೆಗೆದುಕೊಳ್ಳುವಂತಿದ್ದರೆ, ಪ್ರಸಾರದಲ್ಲಿ ನಿರೂಪಕರ ಫೇಡರ್ ಇಳಿಸಿದ ಹೊತ್ತಿನಲ್ಲೂ ಅತಿಥಿಗೆ ಅವರ ಮಾತು ಕೇಳಿಸುತ್ತಿರುತ್ತದೆ. ವಿಮಿಕ್ಸ್ ತಂತ್ರಾಂಶದ ಕರೆ ಸೌಲಭ್ಯ ಈ ಕಳೆಯುವ ಕೆಲಸವನ್ನು ತಾನೇ ಮಾಡುತ್ತದೆ. ಜೂಮ್‌ನಂಥ ಗುಂಪು ಕರೆಯಲ್ಲೂ ಯಾರ ಧ್ವನಿಯೂ ಅವರಿಗೇ ಮರಳದು. ಅಲ್ಲಿ ಪ್ರಸಾರ ಮಾಡುವವರು ತಮ್ಮ ಮೈಕ್ ಮತ್ತು ತುಣುಕುಗಳ ಧ್ವನಿಯನ್ನಷ್ಟೇ ಕಳಿಸಿದರೆ ಸಾಕು.

ತಪ್ಪುವುದು ಎಲ್ಲಿ ಎಂದರೆ, ಒಬಿಎಸ್‌ನಂಥ ಪ್ರಸಾರ ತಂತ್ರಾಂಶದ ಪೂರ್ಣ ಧ್ವನಿಯನ್ನೇ ವರ್ಚುವಲ್ ಕೇಬಲ್ ತಂತ್ರಾಂಶದ ಮೂಲಕ ಜೂಮ್‌ನ ಮೈಕಾಗಿ ಕೊಟ್ಟಾಗ. ಆ ಪೂರ್ಣ ಧ್ವನಿಯಲ್ಲಿ ಜೂಮ್‌ನಿಂದ ಬಂದ ಅತಿಥಿಯ ಮಾತೂ ಇದೆ; ಅದು ಸುತ್ತಿ ಅತಿಥಿಗೇ ಹೋಗುತ್ತದೆ, ಅವರ ಮೈಕ್ ಹಿಡಿದರೆ ಮತ್ತೆ ಬರುತ್ತದೆ. ಬಿಡಿಸುವ ದಾರಿ ಸರಳ. ಒಬಿಎಸ್‌ನ ಪ್ರತಿ ಧ್ವನಿಮೂಲಕ್ಕೂ ಮಾನಿಟರ್ ಆಯ್ಕೆ ಬೇರೆ ಬೇರೆ ಇದೆ. ಮಾನಿಟರ್ ಸಾಧನವಾಗಿ ವರ್ಚುವಲ್ ಕೇಬಲನ್ನು ಆರಿಸಿ, ನಿರೂಪಕರ ಮೈಕಿಗೂ ತುಣುಕುಗಳಿಗೂ ಮಾತ್ರ ಮಾನಿಟರ್ ತೆರೆದು, ಅತಿಥಿಯ ಮೂಲಕ್ಕೆ ಮುಚ್ಚಿದರೆ ಮಿಕ್ಸ್-ಮೈನಸ್ ಸಿದ್ಧ. ಅತಿಥಿಯ ಧ್ವನಿ ಎರಡು ದಾರಿಯಲ್ಲಿ ಒಳಬರುವುದೂ ಉಂಟು: ಜೂಮ್ ಕಿಟಕಿಯಿಂದ ಒಮ್ಮೆ, ಇಡೀ ಡೆಸ್ಕ್‌ಟಾಪಿನ ಧ್ವನಿಯಲ್ಲಿ ಇನ್ನೊಮ್ಮೆ. ವಿಂಡೋಸ್‌ನಲ್ಲಿ ಒಂದೇ ಅಪ್ಲಿಕೇಶನ್ನಿನ ಧ್ವನಿ ಹಿಡಿಯುವ ಸೌಲಭ್ಯ 2022ರ 28ನೇ ಆವೃತ್ತಿಯಿಂದ ಒಬಿಎಸ್‌ಗೆ ಬಂದಿದ್ದು, ಅದನ್ನು ಬಳಸುವವರು ಡೆಸ್ಕ್‌ಟಾಪ್ ಧ್ವನಿಯನ್ನು ಮುಚ್ಚಲೇಬೇಕು.

ಪ್ರತಿಧ್ವನಿ ಹುಡುಕುವುದು

ಪ್ರತಿಧ್ವನಿಯ ಒಂದು ಗುಣ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಅದು ಯಾರಿಗೆ ಕೇಳಿಸುತ್ತದೋ ಅವರ ಕಡೆ ತಪ್ಪಿರುವುದಿಲ್ಲ. ಅತಿಥಿ ಸ್ಪೀಕರಿನಲ್ಲಿ ಕೇಳುತ್ತಿದ್ದರೆ ನಿರೂಪಕರ ಮಾತು ಆ ಸ್ಪೀಕರಿನಿಂದ ಹೊರಟು, ಅತಿಥಿಯ ಮೈಕ್ ಸೇರಿ, ನಿರೂಪಕರಿಗೇ ಮರಳುತ್ತದೆ. ಅತಿಥಿಗೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತಿರುತ್ತದೆ. "ನಿಮಗೆ ಎಕೋ ಬರ್ತಿದೆಯಾ ಸರ್?" ಎಂದು ಅವರನ್ನೇ ಕೇಳಿ "ಇಲ್ಲಪ್ಪ, ಚೆನ್ನಾಗಿದೆ" ಎಂಬ ಉತ್ತರ ಪಡೆದು ತಮ್ಮ ಕೇಬಲ್ಲುಗಳನ್ನು ಕೀಳುವವರು ಬಹಳ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡುತ್ತ ಹೋಗಬೇಕು. ಯಾರನ್ನು ಮ್ಯೂಟ್ ಮಾಡಿದಾಗ ಪ್ರತಿಧ್ವನಿ ನಿಲ್ಲುತ್ತದೋ ಸೋರಿಕೆ ಅವರ ಕೋಣೆಯಲ್ಲಿದೆ. ಎಲ್ಲ ಅತಿಥಿಗಳಿಗೂ ತಮ್ಮ ತಮ್ಮ ಧ್ವನಿ ಕೇಳಿಸುತ್ತಿದ್ದರೆ ಮಾತ್ರ ಪ್ರಸಾರ ಮಾಡುವವರ ಮಿಶ್ರಣವನ್ನು ಶಂಕಿಸಬೇಕು.

ತಡವಾಗುವ ಅಳತೆಯೂ ಮೂಲವನ್ನು ಹೇಳುತ್ತದೆ. ಧ್ವನಿ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿದ್ದರೆ ಒಂದೇ ಮಾತು ಎರಡು ಹಾದಿಗಳಲ್ಲಿ ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಸೇರುತ್ತಿದೆ. ಅರ್ಧ ಸೆಕೆಂಡಿನೊಳಗೆ ಮರಳಿದರೆ ಯಾರದೋ ಸ್ಪೀಕರ್. ಹಲವು ಸೆಕೆಂಡುಗಳ ನಂತರ ಹಳೆಯ ವಾಕ್ಯ ಕೇಳಿಸಿದರೆ ಯಾರೋ ಇನ್ನೊಂದು ಕಿಟಕಿಯಲ್ಲಿ ಅದೇ ಕಾರ್ಯಕ್ರಮದ ಯೂಟ್ಯೂಬ್ ಪುಟ ತೆರೆದಿಟ್ಟಿದ್ದಾರೆ, ಅಥವಾ ಮನೆಯವರು ಪಕ್ಕದ ಕೋಣೆಯ ಟಿವಿಯಲ್ಲಿ ಹೆಮ್ಮೆಯಿಂದ ನೋಡುತ್ತಿದ್ದಾರೆ.

ತಂತ್ರಾಂಶದ ಪ್ರತಿಧ್ವನಿ ನಿವಾರಣೆ ಸ್ಪೀಕರಿಗೆ ಹೋಗುವ ಧ್ವನಿಯನ್ನು ತಿಳಿದುಕೊಂಡು ಮೈಕಿನಿಂದ ಬರುವುದರಲ್ಲಿ ಅದನ್ನು ಕಳೆಯುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದಾಗ ಅದರ ಲೆಕ್ಕ ತಪ್ಪಿ ಒಬ್ಬರ ಮಾತು ಕತ್ತರಿಸಿಹೋಗುತ್ತದೆ. ಚರ್ಚೆಯ ಕಾವು ಏರಿದಾಗಲೇ ಇದು ಕೈಕೊಡುವುದು ದುರದೃಷ್ಟ. ತಂತಿಯ ಇಯರ್‌ಫೋನ್ ಹಾಕಿಕೊಂಡ ಅತಿಥಿಗೆ ಈ ನಿವಾರಣೆಯ ಅಗತ್ಯವೇ ಇರುವುದಿಲ್ಲ. ಯಾವ ದುಬಾರಿ ಮೈಕಿಗಿಂತಲೂ ಈ ಸಾಮಾನ್ಯ ಇಯರ್‌ಫೋನ್ ಪ್ರಸಾರವನ್ನು ಹೆಚ್ಚು ಸುಧಾರಿಸುತ್ತದೆ. ಬ್ಲೂಟೂತ್ ಇಯರ್‌ಬಡ್‌ಗಳು ಅದಕ್ಕೆ ಬದಲಿಯಾಗವು. ಅವುಗಳ ಮೈಕ್ ಬಳಸಿದ ಕೂಡಲೇ ಸಾಮಾನ್ಯ ಬ್ಲೂಟೂತ್ ಕರೆಯ ಸ್ಥಿತಿಗೆ ಇಳಿದು, ಸೆಕೆಂಡಿಗೆ 8,000 ಅಥವಾ 16,000 ಮಾದರಿಗಳಲ್ಲಿ ಧ್ವನಿ ಕಳಿಸುತ್ತವೆ, ವಿಳಂಬವೂ ಹೆಚ್ಚುತ್ತದೆ.

ವಿಳಂಬ

ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಆರಂಭಿಸುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದೆನ್ನುತ್ತದೆ, 400 ಮೀರಬಾರದು. ಎರಡನ್ನೂ ಕೂಡಿಸಿ ನೋಡಿದರೆ ದೂರದ ಅತಿಥಿಯೊಂದಿಗಿನ ಮಾತು ಯಾಕೆ ಡಿಕ್ಕಿ ಹೊಡೆಯುತ್ತದೆ ಎಂದು ತಿಳಿಯುತ್ತದೆ. ಅತಿಥಿ ಉತ್ತರಿಸಲು ಆರಂಭಿಸಿಯಾಗಿದೆ, ಆದರೆ ಧ್ವನಿ ಇನ್ನೂ ದಾರಿಯಲ್ಲಿದೆ. ಮೌನ ಸಹಿಸಲಾರದ ನಿರೂಪಕರು ಪ್ರಶ್ನೆಯನ್ನು ಮತ್ತೆ ಬಿಡಿಸಿ ಹೇಳತೊಡಗುತ್ತಾರೆ. ಪ್ರಶ್ನೆಯ ಕೊನೆಗೆ ಅತಿಥಿಯ ಹೆಸರು ಹಿಡಿದು, "ಹೇಳಿ ಮೇಡಂ" ಎಂದು ಮುಗಿಸಿ, ಸುಮ್ಮನಿರುವುದನ್ನು ಕಲಿಯಬೇಕು. ನಮ್ಮ ಮಾತಿನ ನಡುವೆ ಸದಾ ಬರುವ "ಹೂಂ", "ಹೌದೌದು" ಕೂಡ ಇಲ್ಲಿ ತೊಡಕು, ತಲೆಯಾಡಿಸಿದರೆ ಸಾಕು.

ತುಟಿಗೂ ಮಾತಿಗೂ ಹೊಂದಾಣಿಕೆ ಇನ್ನೊಂದು ಲೆಕ್ಕ. ಅದೇ ಒಕ್ಕೂಟದ ಬಿಟಿ.1359 ಶಿಫಾರಸಿನಂತೆ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂದಿದ್ದರೆ ನೋಡುವವರಿಗೆ ಗೊತ್ತಾಗುತ್ತದೆ; ಹಿಂದಿದ್ದರೆ 125ರವರೆಗೆ ಗೊತ್ತಾಗದು. ಮಿಂಚಿನ ನಂತರವೇ ಗುಡುಗು ಕೇಳಿ ಒಗ್ಗಿದ ಜೀವಿಗಳು ನಾವು, ತಡವಾದ ಧ್ವನಿಯನ್ನು ಹೆಚ್ಚು ಕ್ಷಮಿಸುತ್ತೇವೆ. ಸ್ಟುಡಿಯೋದ ಕ್ಯಾಮೆರಾ ಚಿತ್ರ ಕ್ಯಾಪ್ಚರ್ ಕಾರ್ಡ್ ದಾಟಿ ಬರುವಾಗ ತಡವಾಗುವುದರಿಂದ ನಿರೂಪಕರ ಮೈಕಿಗೆ ಅಷ್ಟೇ ವಿಳಂಬ ಸೇರಿಸುವುದು ವಾಡಿಕೆ. ಈ ವಿಳಂಬ ಪ್ರಸಾರಕ್ಕೆ ಮಾತ್ರ ಇರಬೇಕು. ಅತಿಥಿಗೆ ಹೋಗುವ ಮಿಶ್ರಣವನ್ನು ಅದರ ನಂತರದ ಹಂತದಿಂದ ತೆಗೆದರೆ ಸಂಭಾಷಣೆ ಇನ್ನಷ್ಟು ನಿಧಾನವಾಗುತ್ತದೆ. ಅತಿಥಿಯ ಚಿತ್ರ ಮತ್ತು ಧ್ವನಿ ಒಂದೇ ಕರೆಯಲ್ಲಿ ಜೊತೆಯಾಗಿ ಬರುವುದರಿಂದ ಅವರಿಗೆ ಅದೇ ತಿದ್ದುಪಡಿ ಹಾಕುವುದೂ ತಪ್ಪು.

ಮಟ್ಟ ಮತ್ತು ಮಿಶ್ರಣ

ಒಬ್ಬ ಅತಿಥಿ ಲ್ಯಾಪ್‌ಟಾಪಿನಿಂದ ದೂರ ಕುಳಿತಿರುತ್ತಾರೆ, ಇನ್ನೊಬ್ಬರು ಮೈಕನ್ನು ಬಾಯಿಗೇ ಹಿಡಿದಿರುತ್ತಾರೆ. ಎಲ್ಲರನ್ನೂ ಒಂದೇ ಮಿಶ್ರಣವಾಗಿ ಪಡೆದರೆ ಒಬ್ಬರದನ್ನು ಮಾತ್ರ ತಗ್ಗಿಸಲು ಬರುವುದಿಲ್ಲ. ವಿಡಿಒ.ನಿಂಜಾದಂಥ ಸೇವೆಗಳು ಪ್ರತಿ ಅತಿಥಿಯನ್ನೂ ಬೇರೆ ಮೂಲವಾಗಿ ಕೊಡುವುದು ಈ ಕಾರಣಕ್ಕೇ ಅಮೂಲ್ಯ. ಯುರೋಪಿನ ಪ್ರಸಾರ ಒಕ್ಕೂಟ 2010ರಲ್ಲಿ ಟಿವಿಗೆ ಮೈನಸ್ 23 ಎಲ್‌ಯುಎಫ್‌ಎಸ್ ಎಂಬ ಗಟ್ಟಿತನದ ಮಟ್ಟ ನಿಗದಿ ಮಾಡಿತು. ಇಂಟರ್‌ನೆಟ್ ಪ್ರಸಾರದವರು ಸಾಮಾನ್ಯವಾಗಿ ಮೈನಸ್ 16ರಿಂದ 14ರ ಸುತ್ತ ಇಡುತ್ತಾರೆ. ಅಂಕಿಗಿಂತಲೂ ಮುಖ್ಯವಾದದ್ದು ಅತಿಥಿ ಬದಲಾದಾಗ ವೀಕ್ಷಕರ ಕೈ ವಾಲ್ಯೂಮ್ ಗುಂಡಿಗೆ ಹೋಗದಿರುವುದು.

ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಂತೆ ಹಿನ್ನೆಲೆಯ ಗದ್ದಲ 3 ಡೆಸಿಬೆಲ್ ಏರುತ್ತದೆ. ನಾಲ್ಕು ಮನೆಗಳ ಫ್ಯಾನು, ಕುಕ್ಕರು, ಬೀದಿಯ ಹಾರ್ನು ಕೂಡಿದರೆ ಮಾತು ಮುಳುಗುತ್ತದೆ. ಅಮೆರಿಕದ ಡ್ಯಾನ್ ಡ್ಯೂಗನ್ 1970ರ ದಶಕದಲ್ಲಿ ರೂಪಿಸಿದ ಸ್ವಯಂಚಾಲಿತ ಮಿಕ್ಸರ್ ಇದಕ್ಕೆ ಉತ್ತಮ ಉತ್ತರ: ಮಾತಾಡುವವರಿಗೆ ಹೆಚ್ಚು ಪಾಲು ಕೊಟ್ಟು, ಉಳಿದವರನ್ನು ತಾನೇ ತಗ್ಗಿಸಿ, ಒಟ್ಟು ಮೊತ್ತವನ್ನು ಸ್ಥಿರವಾಗಿಡುತ್ತದೆ. ಒಂದು ಮಟ್ಟಕ್ಕಿಂತ ಮೆಲ್ಲಗಾದ ಧ್ವನಿಯನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಅಷ್ಟು ನಾಜೂಕಲ್ಲ. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಯಲ್ಲಿ ಬರುತ್ತವೆ, ಧ್ವನಿ ಇಳಿಯುವುದೂ ಅಲ್ಲೇ. ಬಿಗಿಯಾದ ಗೇಟ್ "ಸರ್ಕಾರ ಹಣ ಕೊಟ್ಟಿಲ್ಲ" ಎಂಬುದರ ಬಾಲವನ್ನೇ ನುಂಗಿದರೆ ಅತಿಥಿ ಹೇಳದ ಮಾತನ್ನು ಪ್ರಸಾರ ಮಾಡಿದಂತಾಗುತ್ತದೆ. ಕನ್ನಡ ಮಾತಿಗೆ ಗೇಟ್ ಹಾಕುವವರು ಅದು ಮುಚ್ಚುವ ವೇಗವನ್ನು ಕಡಿಮೆ ಮಾಡಬೇಕು. ಸಾಧ್ಯವಾದರೆ ಗೇಟ್ ಬಿಟ್ಟೇಬಿಡಬೇಕು.

ಸಂಗೀತ

ಮಾತಿಗಾಗಿ ಕಟ್ಟಿದ ಈ ವ್ಯವಸ್ಥೆ ಸಂಗೀತಕ್ಕೆ ಒಗ್ಗದು. ಗದ್ದಲ ನಿವಾರಣೆಯ ಮೂಲ ತರ್ಕವೇ ಎಡೆಬಿಡದೆ ಒಂದೇ ಸಮನೆ ಬರುವುದನ್ನು ಗದ್ದಲವೆಂದು ತಿಳಿದು ಅಳಿಸುವುದು. ತಂಬೂರಿಯ ಶ್ರುತಿ ಅದರ ಪಾಲಿಗೆ ಫ್ಯಾನಿನ ಸದ್ದಿಗೆ ಸಮ. ಗಾಯಕರು ಹಾಡುವಾಗ ಶ್ರುತಿ ಬಂದು ಹೋಗಿ ಮಾಡುವುದು, ದೀರ್ಘ ಸ್ವರ ನಡುವೆ ಕರಗುವುದು, ಚೆಂಡೆಯ ಪೆಟ್ಟು ಮಂಕಾಗಿ ಕೇಳಿಸುವುದು, ಎಲ್ಲವೂ ಇದರ ಫಲ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆಯನ್ನು ಆನ್ ಮಾಡಿದರೆ, ಬೇರೆ ಸೇವೆಗಳಲ್ಲಿ ಗದ್ದಲ ನಿವಾರಣೆ, ಪ್ರತಿಧ್ವನಿ ನಿವಾರಣೆ ಮತ್ತು ಮಟ್ಟ ತಾನಾಗಿ ಏರಿಳಿಸುವ ಸೌಲಭ್ಯ ಮೂರನ್ನೂ ಆಫ್ ಮಾಡಿದರೆ ರಾಗ ಉಳಿಯುತ್ತದೆ. ಆಗ ಇಯರ್‌ಫೋನ್ ಕಡ್ಡಾಯ. ಈ ಬದಲಾವಣೆ ಆಗಬೇಕಾದ್ದು ಗಾಯಕರ ಕಂಪ್ಯೂಟರಿನಲ್ಲಿ. ಪ್ರಸಾರ ಮಾಡುವವರು ತಮ್ಮ ಕಡೆ ಎಷ್ಟು ತಿದ್ದಿದರೂ ಅಲ್ಲಿ ಅಳಿಸಿದ್ದು ಮರಳದು.

ಇಬ್ಬರು ಬೇರೆ ಊರುಗಳಿಂದ ಒಂದೇ ತಾಳಕ್ಕೆ ಕೂಡಿ ನುಡಿಸುವುದು ಇನ್ನೂ ಕಷ್ಟ. ಜೊತೆವಾದನಕ್ಕೆ ಒಂದು ದಿಕ್ಕಿನ ವಿಳಂಬ ಸುಮಾರು 25 ಮಿಲಿಸೆಕೆಂಡು ಮೀರಿದರೆ ಲಯ ಜಾರತೊಡಗುತ್ತದೆ. ಗಾಜಿನ ತಂತುವಿನಲ್ಲಿ ಬೆಳಕು 1000 ಕಿಲೋಮೀಟರಿಗೆ 5 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಅಂತರವೇ ಸುಮಾರು 14,000 ಕಿಲೋಮೀಟರ್, ಅಂದರೆ ಕನಿಷ್ಠ 70 ಮಿಲಿಸೆಕೆಂಡು. ಯಾವ ತಂತ್ರಾಂಶ ಬಂದರೂ ಈ ದೂರ ಕುಗ್ಗದು. ಜಮ್ಯುಲಸ್, ಜ್ಯಾಕ್‌ಟ್ರಿಪ್, ಸೋನೋಬಸ್ ಮುಂತಾದ ಕಡಿಮೆ ವಿಳಂಬದ ತಂತ್ರಾಂಶಗಳು ಬೆಂಗಳೂರು ಮೈಸೂರಿನಂಥ ಸಮೀಪದ ಊರುಗಳ ನಡುವೆ, ತಂತಿಯ ಇಂಟರ್‌ನೆಟ್ ಇದ್ದಾಗ, ಉಪಯೋಗಕ್ಕೆ ಬರುತ್ತವೆ. ಸಾಗರದಾಚೆಯ ಮೃದಂಗವಾದಕರು ಗಾಯಕರನ್ನು ಕೇಳುತ್ತ ನುಡಿಸಬಹುದು, ಆದರೆ ಗಾಯಕರಿಗೆ ಆ ಮೃದಂಗ ಕೇಳಿಸಬಾರದು. ಇಬ್ಬರನ್ನೂ ಹೊಂದಿಸಿ ಕೂಡಿಸುವುದು ಮಿಕ್ಸರಿನ ಬಳಿ ಮಾತ್ರ. ಮನೋಧರ್ಮದ ಕೊಡುಕೊಳ್ಳುವಿಕೆ ಇದರಲ್ಲಿ ಸಾಯುತ್ತದೆ, ಆದ್ದರಿಂದ ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಕಚೇರಿಯನ್ನು ಪ್ರಸಾರ ಮಾಡುವುದೇ ಮೇಲು.

ಪೂರ್ವಸಿದ್ಧತೆ ಮತ್ತು ದಾಖಲೆ

ಕಾರ್ಯಕ್ರಮಕ್ಕೆ ಮುಂಚೆ ಅತಿಥಿಯನ್ನು ಅದೇ ಕೋಣೆ, ಅದೇ ಮೈಕ್, ಅದೇ ಇಯರ್‌ಫೋನಿನಲ್ಲಿ ಪರೀಕ್ಷಿಸಬೇಕು. ಆಗ ಅವರನ್ನು ಮಾತಾಡಿಸಿದರೆ ಸಾಲದು. ನಿರೂಪಕರ ಮಾತನ್ನೂ ವಿಡಿಯೋ ತುಣುಕನ್ನೂ ಕೇಳಿಸಿ, ಎರಡೂ ಕೇಳಿತೇ, ತಮ್ಮ ಧ್ವನಿಯೇ ಮರಳಿತೇ ಎಂದು ಬೇರೆ ಬೇರೆಯಾಗಿ ವಿಚಾರಿಸಬೇಕು. ಟಿವಿ ಕೇಂದ್ರಗಳಲ್ಲಿ ನಿರ್ಮಾಪಕರು ಅತಿಥಿಯ ಕಿವಿಯಲ್ಲಿ ಮಾತ್ರ ಮಾತಾಡಬಲ್ಲ ಐಎಫ್‌ಬಿ ಎಂಬ ಹಾದಿ ಇರುತ್ತದೆ. ಸಣ್ಣ ತಂಡಗಳಿಗೆ ವಾಟ್ಸ್‌ಆ್ಯಪ್ ಸಂದೇಶ ಆ ಕೆಲಸ ಮಾಡಿಕೊಡುತ್ತದೆ. ಸಂಪರ್ಕ ಕಡಿದರೆ ತಕ್ಷಣ ಸೇರಿಸಿಕೊಳ್ಳಲು ಅತಿಥಿಯ ಸಾಮಾನ್ಯ ಫೋನ್ ಕರೆಯ ಹಾದಿಯನ್ನೂ ಮೊದಲೇ ಮಿಕ್ಸರಿಗೆ ಜೋಡಿಸಿಟ್ಟಿರಬೇಕು, ಅದಕ್ಕೂ ಪ್ರತ್ಯೇಕ ಮಿಕ್ಸ್-ಮೈನಸ್ ಸಹಿತ.

ಪ್ರಸಾರದ ಹೊತ್ತಿನಲ್ಲೇ ಪ್ರತಿಯೊಬ್ಬರ ಧ್ವನಿಯನ್ನು ಬೇರೆ ಟ್ರ್ಯಾಕಿನಲ್ಲಿ ದಾಖಲಿಸುವುದು ಈಗ ಸುಲಭ. ಒಬಿಎಸ್‌ನಲ್ಲಿ ಆರು ಟ್ರ್ಯಾಕುಗಳಿವೆ. ಅತಿಥಿ ತಮ್ಮ ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನ ರೆಕಾರ್ಡರಿನಲ್ಲಿ ತಮ್ಮ ಮಾತನ್ನು ದಾಖಲಿಸಿ ನಂತರ ಕಳಿಸಿದರೆ ಇಂಟರ್‌ನೆಟ್ ನುಂಗಿದ ಪದಗಳೂ ದೊರೆಯುತ್ತವೆ. ಆರಂಭದಲ್ಲಿ ಎಲ್ಲರೂ ಒಮ್ಮೆ ಚಪ್ಪಾಳೆ ತಟ್ಟಿರುವುದು ಎರಡು ದಾಖಲೆಗಳನ್ನು ಹೊಂದಿಸಲು ನೆರವಾಗುತ್ತದೆ. ಬೇರೆ ಬೇರೆ ಯಂತ್ರಗಳ ಗಡಿಯಾರಗಳು ಅತಿ ಸೂಕ್ಷ್ಮವಾಗಿ ಬೇರೆಯಾಗಿ ಓಡುವುದರಿಂದ ಗಂಟೆಗಟ್ಟಲೆಯ ದಾಖಲೆಯಲ್ಲಿ ಮಾತು ಮೆಲ್ಲಗೆ ಸರಿಯುತ್ತ ಹೋಗಬಹುದು. ಆದ್ದರಿಂದ ಕೊನೆಯಲ್ಲೂ ಒಂದು ಚಪ್ಪಾಳೆ ಬೇಕು.